ಡಬ್ಬಿಯ ಲೆಕ್ಕಕ್ಕೆ ಮೊದಲು ತಟ್ಟೆಯ ಲೆಕ್ಕವಾಗಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ನಿಟುವಳ್ಳಿ ಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಸಣ್ಣದೊಂದು ಖಾನಾವಳಿ ನಡೆಸುತ್ತಿದ್ದೇನೆ. ನಮ್ಮ ಬೀದಿಯ ಆಸುಪಾಸಿನಲ್ಲಿ ಈಚೆಗೆ ಜಿಮ್‌ಗಳು ಹೆಚ್ಚಾಗಿರುವುದರಿಂದ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ರಾತ್ರಿ ಎಂಟರ ನಂತರ, ವ್ಯಾಯಾಮ ಮುಗಿಸಿದ ಹುಡುಗರೇ ನಮ್ಮಲ್ಲಿ ಊಟಕ್ಕೆ ಕೂರುವವರಲ್ಲಿ ಅರ್ಧಕ್ಕಿಂತ ಹೆಚ್ಚು. ಅವರಲ್ಲಿ ಎಂಜಿನಿಯರಿಂಗ್ ಓದುವವರಿದ್ದಾರೆ, ಬಟ್ಟೆ ಅಂಗಡಿಯಲ್ಲಿ ನಿಂತು ದುಡಿಯುವವರಿದ್ದಾರೆ, ಎಪಿಎಂಸಿಯಲ್ಲಿ ಮೂಟೆ ಹೊತ್ತು ಬಂದು ಸಂಜೆ ಮತ್ತೆ ಭಾರ ಎತ್ತುವವರೂ ಇದ್ದಾರೆ. ಮಕ್ಕಳು ಚಟಗಳಿಗೆ ಬೀಳದೆ ಮೈ ಗಟ್ಟಿ ಮಾಡಿಕೊಳ್ಳಲು ಹೊರಟಿರುವುದು ನನಗೆ ನಿಜಕ್ಕೂ ಸಂತೋಷದ ವಿಷಯ. ಆದರೆ ಅವರು ತಟ್ಟೆಯಲ್ಲಿ ಏನು ಬಿಡುತ್ತಾರೆ, ಯಾವುದಕ್ಕೆ ದುಡ್ಡು ಸುರಿಯುತ್ತಾರೆ ಎಂಬುದನ್ನು ದಿನವೂ ಹತ್ತಿರದಿಂದ ನೋಡುತ್ತಿರುವ ನನಗೆ ಈ ಪತ್ರ ಬರೆಯದೆ ಇರಲಾಗಲಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಬಟ್ಟೆ ಅಂಗಡಿಯ ಹುಡುಗನೊಬ್ಬ ಎಂಟು ಬೇಯಿಸಿದ ಮೊಟ್ಟೆ ಕೇಳಿದ. ಒಂದೊಂದನ್ನೂ ಸುಲಿದು, ಹೆಬ್ಬೆರಳಿನಿಂದ ಸೀಳಿ, ಹಳದಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತಾ ಬಿಳಿ ಭಾಗವನ್ನಷ್ಟೇ ತಿಂದ. ತಟ್ಟೆ ಎತ್ತಲು ಹೋದಾಗ ಎಂಟು ಹಳದಿ ಉಂಡೆಗಳು ಹಾಗೇ ಕೂತಿದ್ದವು. ಏಕಪ್ಪಾ ಎಂದು ಕೇಳಿದರೆ, "ಕೋಚ್ ಬ್ಯಾಡ ಅಂದಾರಮ್ಮ, ಅದು ಬರೀ ಕೊಬ್ಬಂತೆ" ಎಂದ. ಅದೇ ಹುಡುಗ ಹಿಂದಿನ ವಾರ ಸಂಬಳದಲ್ಲಿ ಮೂರು ಸಾವಿರ ತೆತ್ತು ಪ್ರೋಟೀನ್ ಪುಡಿಯ ಡಬ್ಬಿ ಕೊಂಡಿದ್ದ.

ಒಂದು ಸಾಧಾರಣ ಕೋಳಿಮೊಟ್ಟೆಯಲ್ಲಿ 6 ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್ ಇರುತ್ತದೆ. ಅದರಲ್ಲಿ ಸುಮಾರು 3.6 ಗ್ರಾಂ ಬಿಳಿಯಲ್ಲಿದ್ದರೆ, 2.7 ಗ್ರಾಂ ಆ ಹಳದಿಯಲ್ಲೇ ಇದೆ. ಎ ಮತ್ತು ಡಿ ವಿಟಮಿನ್‌ಗಳು, ಬಿ12ರ ಬಹುಪಾಲು ಇರುವುದೂ ಹಳದಿಯಲ್ಲೇ. ಎಂಟು ಹಳದಿಗಳನ್ನು ಬಿಟ್ಟೆದ್ದ ಆ ಹುಡುಗ, ಡಬ್ಬಿಯ ಒಂದು ಸ್ಕೂಪಿನಲ್ಲಿ (ಡಬ್ಬಿಯೊಳಗಿನ ಅಳತೆ ಚಮಚ) ಸಿಗುವಷ್ಟಕ್ಕೆ ಹತ್ತಿರದ ಪ್ರೋಟೀನನ್ನು ನಮ್ಮ ಮುಸುರೆ ಬಕೆಟ್ಟಿಗೆ ಹಾಕಿ ಹೋದಂತಾಯಿತು. ಎಂಟೂ ಹಳದಿಯನ್ನು ದಿನಾ ತಿನ್ನಲಿ ಎಂದು ನಾನು ಹೇಳುವುದಿಲ್ಲ. ನಾಲ್ಕು ಇಡೀ ಮೊಟ್ಟೆ ತಿಂದಿದ್ದರೆ ಎಂಟು ಬಿಳಿಯಲ್ಲಿ ಸಿಕ್ಕಿದ್ದಕ್ಕೆ ಹೆಚ್ಚುಕಡಿಮೆ ಸಮನಾದದ್ದು ಅರ್ಧ ದುಡ್ಡಿಗೆ ಸಿಗುತ್ತಿತ್ತು. ಸಕ್ಕರೆ ಕಾಯಿಲೆ ಅಥವಾ ಕೊಲೆಸ್ಟರಾಲ್ ತೊಂದರೆ ಇರುವವರು ಎಷ್ಟು ತಿನ್ನಬಹುದೆಂದು ವೈದ್ಯರನ್ನೇ ಕೇಳಬೇಕು. ಇನ್ನು ಕೆಲವರು ಹಸಿ ಮೊಟ್ಟೆಯನ್ನು ಲೋಟಕ್ಕೆ ಒಡೆದು ಕುಡಿಯುತ್ತಾರೆ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ನೂರಕ್ಕೆ ತೊಂಬತ್ತರಷ್ಟು ಮೈಗೆ ಹತ್ತಿದರೆ ಹಸಿಯದ್ದು ಅರ್ಧದಷ್ಟು ಮಾತ್ರ ಹತ್ತುತ್ತದೆ. ಮೇಲೆ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ. ಅಷ್ಟು ಕಷ್ಟಪಟ್ಟು ಮೂಗು ಹಿಡಿದು ಕುಡಿಯುವ ಮಕ್ಕಳನ್ನು ಕಂಡರೆ ಸಂಕಟವಾಗುತ್ತದೆ.

ಇದನ್ನೆಲ್ಲ ಹೇಳಲು ಇವರ್ಯಾರು ಎಂದು ಓದುಗರಿಗೆ ಅನಿಸಬಹುದು. ನನಗೀಗ ಐವತ್ನಾಲ್ಕು ವರ್ಷ. ಮೂಳೆ ಸವೆಯುತ್ತಿದೆ, ಮಾತ್ರೆಯ ಜೊತೆಗೆ ಭಾರ ಎತ್ತುವ ವ್ಯಾಯಾಮವನ್ನೂ ಮಾಡಿ ಎಂದು ವೈದ್ಯರು ಹೇಳಿದ ಮೇಲೆ ಮೂರು ವರ್ಷಗಳಿಂದ ವಾರಕ್ಕೆ ಎರಡು ದಿನ ನಾನೂ ಜಿಮ್‌ಗೆ ಹೋಗುತ್ತಿದ್ದೇನೆ. ಆಗಿನಿಂದ ಸಿಕ್ಕಿದ್ದನ್ನೆಲ್ಲ ಓದಿ, ಗೊತ್ತಿದ್ದವರನ್ನು ಕೇಳಿ, ಅಡುಗೆಮನೆಯ ತಕ್ಕಡಿಯಲ್ಲಿ ಬೇಳೆಕಾಳು ತೂಗಿ ನೋಡುವ ಅಭ್ಯಾಸ ಬೆಳೆದಿದೆ.

ಆ ಬಟ್ಟೆ ಅಂಗಡಿಯ ಹುಡುಗನ ದಿನದ ಊಟವನ್ನು ಮೊಟ್ಟೆ ಬಿಟ್ಟು ಅವನ ಎದುರೇ ಲೆಕ್ಕ ಹಾಕಿದೆವು. ತೂಕ 62 ಕಿಲೋ. ಬೆಳಿಗ್ಗೆ ಒಂದು ಪ್ಲೇಟ್ ಉಪ್ಪಿಟ್ಟು ಅಥವಾ ಮಂಡಕ್ಕಿ ಒಗ್ಗರಣೆ, ಎರಡು ಸಲ ಚಹಾ. ಮಧ್ಯಾಹ್ನ ನಮ್ಮಲ್ಲಿ ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಅನ್ನ, ಸಾರು, ಮಜ್ಜಿಗೆ. ರಾತ್ರಿ ರೂಮಿನಲ್ಲಿ ಗೆಳೆಯರೊಂದಿಗೆ ಅನ್ನ, ತಿಳಿಸಾರು. ಎಲ್ಲ ಸೇರಿಸಿದರೂ ಪ್ರೋಟೀನ್ 45 ಗ್ರಾಂ ದಾಟಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ವ್ಯಾಯಾಮ ಮಾಡದ ಸಾಮಾನ್ಯ ವಯಸ್ಕರಿಗೂ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎಂದು ಹೇಳಿದೆ. ಆ ಲೆಕ್ಕದಲ್ಲೇ ಅವನಿಗೆ 51 ಗ್ರಾಂ ಬೇಕು. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಕಿಲೋಗೆ 1.4ರಿಂದ 2 ಗ್ರಾಂವರೆಗೆ ಬೇಕೆಂದು ಕ್ರೀಡಾ ಪೋಷಣೆಯ ತಜ್ಞರು ಹೇಳುತ್ತಾರೆ, 1.6ರ ಆಚೆಗೆ ಹೆಚ್ಚಿನ ಲಾಭ ಕಾಣುವುದು ವಿರಳ. ಅಂದರೆ ಇವನಿಗೆ ದಿನಕ್ಕೆ ನೂರರ ಹತ್ತಿರ ಬೇಕು. ಅರ್ಧಕ್ಕಿಂತ ಹೆಚ್ಚು ಕೊರತೆ ಇರುವುದು ಅವನ ದಿನದ ಊಟದಲ್ಲಿ, ಅದನ್ನು ಅವನ ಕೋಚ್ ಒಮ್ಮೆಯೂ ಕೇಳಿರಲಿಲ್ಲ.

ಆ ಕೊರತೆಯಲ್ಲಿ 50 ಗ್ರಾಂನಷ್ಟನ್ನು ನಮ್ಮ ಊರಿನ ಅಂಗಡಿಯಲ್ಲೇ ತುಂಬಬಹುದು. ಮೂರು ಇಡೀ ಮೊಟ್ಟೆ 18-19 ಗ್ರಾಂ, ಅರ್ಧ ಲೀಟರ್ ಹಾಲು ಅಥವಾ ಅಷ್ಟೇ ಹಾಲಿನ ಮೊಸರು 16 ಗ್ರಾಂ, ಒಂದು ದೊಡ್ಡ ಹಿಡಿ ಅಂದರೆ 50 ಗ್ರಾಂ ಪುಟಾಣಿ 10 ಗ್ರಾಂ, ಮಧ್ಯಾಹ್ನದ ಪಲ್ಯಕ್ಕೆ ಇನ್ನೊಂದು ಸೌಟು ಹೆಸರುಕಾಳೋ ಮಡಿಕೆಕಾಳೋ ಹಾಕಿಸಿಕೊಂಡರೆ 5 ಗ್ರಾಂ. ಇವತ್ತಿನ ಬೆಲೆಯಲ್ಲಿ ಇದಕ್ಕೆ ಐವತ್ತೈದು ರೂಪಾಯಿಯ ಆಸುಪಾಸು ಬೀಳುತ್ತದೆ. ಇದೇ 50 ಗ್ರಾಂ ಅನ್ನು ಮೂರು ಸಾವಿರದ ಡಬ್ಬಿಯಿಂದ ಪಡೆಯಬೇಕೆಂದರೆ ಎರಡು ಸ್ಕೂಪು, ಸುಮಾರು ನೂರ ಎಂಬತ್ತು ರೂಪಾಯಿ. ಮೊಟ್ಟೆ ಮುಟ್ಟದವರಿಗೆ ಸೋಯಾ ಚಂಕ್ಸ್ ಇದೆ. ನೂರು ಗ್ರಾಂನಲ್ಲಿ ಐವತ್ತು ಗ್ರಾಂಗೂ ಹೆಚ್ಚು ಪ್ರೋಟೀನ್ ಇರುವ, ಇಷ್ಟು ಅಗ್ಗದ ಪದಾರ್ಥ ಬೇರೊಂದು ನನಗೆ ಕಂಡಿಲ್ಲ. ಹುರುಳಿ ಕಟ್ಟಿನ ಸಾರನ್ನು ಮಾತ್ರ ಉಂಡು ಕಾಳನ್ನು ಎತ್ತಿಡುವವರಿಗೆ ಒಂದು ಮಾತು: ಪ್ರೋಟೀನಿನ ಬಹುಪಾಲು ಉಳಿಯುವುದು ಕಾಳಿನಲ್ಲಿ. ಆ ಬೆಂದ ಕಾಳನ್ನು ಉಸುಳಿ ಮಾಡಿ ತಿನ್ನಿ.

ಚಳ್ಳಕೆರೆಯ ಶೇಂಗಾ ನಮ್ಮ ಪಕ್ಕದಲ್ಲೇ ಬೆಳೆಯುವಾಗ ಅದನ್ನು ಮರೆಯುವಂತಿಲ್ಲ. ನೂರು ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇದೆ ಎಂಬುದು ನಿಜ, ಆದರೆ ಅದರ ದುಪ್ಪಟ್ಟು ಕೊಬ್ಬೂ ಇದೆ. ಹಾಗಾಗಿ ತೂಕ ಏರಿಸಬೇಕಾದ ಸಣಕಲು ಹುಡುಗನಿಗೆ ಶೇಂಗಾ ಉಂಡೆ ಬಹಳ ಒಳ್ಳೆಯದು, ಹೊಟ್ಟೆ ಇಳಿಸಬೇಕಾದವನಿಗೆ ಒಂದು ಹಿಡಿ ಸಾಕು. ಅಂಗಡಿಗಳಲ್ಲಿ 'ಮಾಸ್ ಗೇನರ್' ಎಂದು ಮಾರುವ ದೊಡ್ಡ ಡಬ್ಬಿಯ ಹಿಂಬದಿಯನ್ನು ಓದಿ ನೋಡಿದರೆ ಅದರಲ್ಲಿ ಹೆಚ್ಚಿನ ಪಾಲು ಮಾಲ್ಟೊಡೆಕ್ಸ್ಟ್ರಿನ್ ಎಂಬ ಪಿಷ್ಟದ ಪುಡಿ. ಹಾಲು, ಬಾಳೆಹಣ್ಣು, ಶೇಂಗಾ ಉಂಡೆ ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತವೆ.

ಪ್ರೋಟೀನ್ ಪುಡಿಯೆಲ್ಲ ವಿಷ ಎಂದು ಹೆದರಿಸುವವರ ಸಾಲಿಗೆ ನಾನು ಸೇರುವುದಿಲ್ಲ. ವೇ ಪ್ರೋಟೀನ್ ಎಂದರೆ ಹಾಲು ಒಡೆಸಿ ಚೀಸ್ ಮಾಡುವಾಗ ಉಳಿಯುವ ತಿಳಿನೀರಿನಿಂದ ತೆಗೆದ ಹಾಲಿನ ಪ್ರೋಟೀನೇ. ಕಾಳಿನ ಪ್ರೋಟೀನಿಗಿಂತ ಅದು ಬೇಗ, ಪೂರ್ತಿಯಾಗಿ ಜೀರ್ಣವಾಗುತ್ತದೆ. ಮೊಟ್ಟೆ, ಮಾಂಸ ತಿನ್ನದ, ಅಡುಗೆಗೆ ಸಮಯವಿಲ್ಲದ, ದುಡ್ಡಿನ ಅನುಕೂಲವಿರುವ ವ್ಯಕ್ತಿ ಒಳ್ಳೆಯ ಡಬ್ಬಿಯಿಂದ ದಿನಕ್ಕೆ ಒಂದು ಸ್ಕೂಪು ತೆಗೆದುಕೊಂಡರೆ ತಪ್ಪೇನೂ ಇಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಊಟವೇ ಅರೆಬರೆಯಾದ ಹುಡುಗನಿಗೆ ಅನ್ನದ ದುಡ್ಡನ್ನು ಕಿತ್ತು ಡಬ್ಬಿಗೆ ಹಾಕಿಸುವುದು ಮಾತ್ರ ಅನ್ಯಾಯ.

ಯಾವಾಗ ತಿನ್ನಬೇಕು ಎಂಬ ವಿಷಯದಲ್ಲೂ ಮಕ್ಕಳನ್ನು ವಿನಾಕಾರಣ ಹೆದರಿಸಲಾಗಿದೆ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪುಡಿ ಕುಡಿಯದಿದ್ದರೆ ಮಾಡಿದ್ದೆಲ್ಲ ನೀರುಪಾಲು ಎಂದು ನಂಬಿ, ಶೇಕರ್ ಮನೆಯಲ್ಲಿ ಮರೆತು ಬಂದ ದಿನ ಮುಖ ಸಪ್ಪೆ ಮಾಡಿಕೊಂಡು ಕೂರುವವರನ್ನು ನೋಡಿದ್ದೇನೆ. ಭಾರ ಎತ್ತಿದ ಸ್ನಾಯು ದುರಸ್ತಿಯಾಗುವ ಕೆಲಸ ಒಂದು ದಿನಕ್ಕೂ ಹೆಚ್ಚು ಹೊತ್ತು ನಡೆಯುತ್ತದೆ. ಇಡೀ ದಿನದಲ್ಲಿ ಒಟ್ಟು ಎಷ್ಟು ಪ್ರೋಟೀನ್ ಸಿಕ್ಕಿತು, ಅದು ಮೂರು ನಾಲ್ಕು ಹೊತ್ತಿಗೆ 20ರಿಂದ 30 ಗ್ರಾಂನಂತೆ ಹಂಚಿಕೆಯಾಯಿತೇ ಎಂಬುದೇ ಮುಖ್ಯ. ವ್ಯಾಯಾಮಕ್ಕೆ ಎರಡು ಮೂರು ಗಂಟೆ ಮೊದಲು ಊಟ ಮಾಡಿದ್ದವನು ಮುಗಿಸಿ ಬಂದು ಸ್ನಾನ ಮಾಡಿ ನಿಧಾನವಾಗಿ ಉಂಡರೂ ಏನೂ ಕಳೆದುಹೋಗುವುದಿಲ್ಲ. ಬರಿಹೊಟ್ಟೆಯಲ್ಲಿ ಬೆಳಗಿನ ಜಾವ ಭಾರ ಎತ್ತಿದವರು ಮಾತ್ರ ಬೇಗ ತಿನ್ನುವುದು ಒಳ್ಳೆಯದು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅನ್ನ, ರೊಟ್ಟಿ ಬಿಡುವ ಚಾಳಿ. "ಅನ್ನ ಬೇಡಮ್ಮ, ಬರೀ ಪಲ್ಯ ಕೊಡಿ" ಎನ್ನುವ ಹುಡುಗರು ಹೆಚ್ಚುತ್ತಿದ್ದಾರೆ. ಭಾರ ಎತ್ತುವಾಗ ಸ್ನಾಯು ಬಳಸುವ ಮುಖ್ಯ ಇಂಧನ ನಾವು ತಿಂದ ರೊಟ್ಟಿ, ಅನ್ನ, ಮುದ್ದೆಯಿಂದ ಬಂದು ಸ್ನಾಯುವಿನಲ್ಲೇ ಶೇಖರವಾಗುವ ಗ್ಲೈಕೋಜನ್. ಅದು ಬರಿದಾದರೆ ಎತ್ತುವ ತೂಕ ಇಳಿಯುತ್ತದೆ, ಕೈಕಾಲು ನಡುಗುತ್ತದೆ, ತಿಂದ ಪ್ರೋಟೀನಿನ ಒಂದು ಪಾಲೂ ಸ್ನಾಯು ಕಟ್ಟುವುದನ್ನು ಬಿಟ್ಟು ಉರುವಲಾಗಿ ಹೋಗುತ್ತದೆ. ನಮ್ಮ ಊರಿನ ಗರಡಿಮನೆಗಳಲ್ಲಿ ಸಾಮು ಮಾಡಿ, ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣಕ್ಕೆ ಇಳಿಯುತ್ತಿದ್ದ ಪೈಲ್ವಾನರು ಹಾಲು, ತುಪ್ಪ, ಬಾದಾಮಿಯ ಜೊತೆ ರೊಟ್ಟಿಯನ್ನೂ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಅವರಷ್ಟು ತುಪ್ಪ ಇಂದಿನವರಿಗೆ ಬೇಕಿಲ್ಲ, ಏಕೆಂದರೆ ಅವರಷ್ಟು ಬಸ್ಕಿ, ದಂಡ ಹೊಡೆಯುವವರು ಈಗ ಯಾರೂ ಇಲ್ಲ. ರೊಟ್ಟಿ ಬೇಕೇ ಬೇಕು. ಜಿಮ್‌ಗೆ ಮುಕ್ಕಾಲು ಗಂಟೆ ಮೊದಲು ಒಂದು ಬಾಳೆಹಣ್ಣು, ಒಂದು ಬೊಗಸೆ ಮಂಡಕ್ಕಿ ಸಾಕು. ಬೆಣ್ಣೆ ದೋಸೆ ನಮ್ಮೂರಿನ ಹೆಮ್ಮೆಯೇ ಆದರೂ ಕೊಬ್ಬು ಹೆಚ್ಚಿರುವ ತಿಂಡಿ ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುವುದರಿಂದ ಅದನ್ನು ವ್ಯಾಯಾಮಕ್ಕೆ ಮುಂಚೆ ತಿನ್ನುವುದು ಬೇಡ.

ಬಾಳೆಹಣ್ಣಿನ ಬದಲು 'ಪ್ರಿ-ವರ್ಕೌಟ್' ಪುಡಿ ಬಾಯಿಗೆ ಹಾಕಿಕೊಳ್ಳುವವರೂ ಇದ್ದಾರೆ. ಇದರ ಬಲವೆಲ್ಲ ಬಹುಮಟ್ಟಿಗೆ ಕೆಫೀನಿನದು. ಎಷ್ಟೋ ಪುಡಿಗಳ ಒಂದು ಸ್ಕೂಪಿನಲ್ಲಿ 200ರಿಂದ 300 ಮಿಲಿಗ್ರಾಂ ಇರುತ್ತದೆ. ಆರೋಗ್ಯವಂತ ವಯಸ್ಕರಿಗೆ ಇಡೀ ದಿನಕ್ಕೆ 400 ಮಿಲಿಗ್ರಾಂ ಮಿತಿ ಎನ್ನುವಾಗ ಇದರ ಮೇಲೆ ನಾಲ್ಕು ಚಹಾ, ಒಂದು ಎನರ್ಜಿ ಡ್ರಿಂಕ್ ಸೇರಿದರೆ ಏನಾಗಬೇಕು? ಹೋದ ಏಪ್ರಿಲ್‌ನ ಬಿಸಿಲಲ್ಲಿ ವಿದ್ಯಾರ್ಥಿಯೊಬ್ಬ ಹಿಂದಿನ ರಾತ್ರಿಯಿಂದ ಏನೂ ತಿನ್ನದೆ ಈ ಪುಡಿಯಷ್ಟನ್ನೇ ನುಂಗಿ ವ್ಯಾಯಾಮ ಮಾಡಿ, ನಮ್ಮ ಬಾಗಿಲಲ್ಲಿ ಬಂದು ಗೋಡೆ ಹಿಡಿದು ಕುಸಿದ. ಬೆರಳುಗಳು ನಡುಗುತ್ತಿದ್ದವು, ಎದೆ ಡವಡವ ಹೊಡೆದುಕೊಳ್ಳುತ್ತಿದೆ ಎಂದ. ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ಆಟೊ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆವು. ಸಂಜೆ ಅವನ ತಾಯಿ ಹಳ್ಳಿಯಿಂದ ಬಂದು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತದ್ದನ್ನು ನಾನಿನ್ನೂ ಮರೆತಿಲ್ಲ.

ಪುಡಿಗಳಲ್ಲಿ ಕ್ರಿಯಾಟಿನ್ ಒಂದರ ಬಗ್ಗೆ ಹುಡುಗರ ಮಾತೇ ಸರಿ, ಮನೆಯವರ ಭಯವೇ ತಪ್ಪು. ಅದು ಮೈ ಉಬ್ಬಿಸುವ ಹಾರ್ಮೋನಿನ ಔಷಧಿಯಾದ ಸ್ಟಿರಾಯ್ಡ್ ಅಲ್ಲ. ನಮ್ಮ ದೇಹವೇ ಅದನ್ನು ದಿನಕ್ಕೆ ಒಂದು ಗ್ರಾಂನಷ್ಟು ತಯಾರಿಸಿಕೊಳ್ಳುತ್ತದೆ, ಮಾಂಸ ಮತ್ತು ಮೀನಿನಿಂದಲೂ ಸಿಗುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್ ಯಾವ ಹೊತ್ತಿಗಾದರೂ ತೆಗೆದುಕೊಂಡರೆ ಬಲ ಹೆಚ್ಚುವುದು ಬಹಳಷ್ಟು ಅಧ್ಯಯನಗಳಲ್ಲಿ ಕಂಡಿದೆ. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಅದು ಕಡಿಮೆ ಇರುವುದರಿಂದ ಅವರಿಗೆ ಲಾಭ ಹೆಚ್ಚೂ ಆಗಬಹುದು. ಮೊದಮೊದಲು ಸ್ನಾಯುವಿನಲ್ಲಿ ನೀರು ನಿಂತು ಒಂದೆರಡು ಕಿಲೋ ತೂಕ ಏರುತ್ತದೆ. ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತ ಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನಿನ್ ಎಂಬ ಬೇರೆ ವಸ್ತು ಸ್ವಲ್ಪ ಹೆಚ್ಚು ಕಾಣಬಹುದಾದ್ದರಿಂದ ಇದನ್ನು ತೆಗೆದುಕೊಳ್ಳುತ್ತಿರುವುದಾಗಿ ವೈದ್ಯರಿಗೆ ಹೇಳಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಸ್ವಂತ ಬುದ್ಧಿಯಿಂದ ಮುಟ್ಟಬಾರದು. ಬಿಸಿಎಎ ಎಂಬ ಬಣ್ಣದ ನೀರಿಗೆ ಮಾತ್ರ ದುಡ್ಡು ಕೊಡಬೇಡಿ. ಪ್ರೋಟೀನ್ ಕಟ್ಟುವ ಇಟ್ಟಿಗೆಗಳಂತಿರುವ ಅಮೈನೊ ಆಮ್ಲಗಳಲ್ಲಿ ದೇಹಕ್ಕೆ ಹೊರಗಿನಿಂದ ಬೇಕಾದವು ಒಂಬತ್ತು, ಅದರಲ್ಲಿರುವುದು ಮೂರೇ, ಆ ಮೂರೂ ಹಾಲು ಮೊಟ್ಟೆಯಲ್ಲಿವೆ.

ಈಗ ಡಬ್ಬಿಯೊಳಗೆ ಏನಿದೆ ಎಂಬ ಪ್ರಶ್ನೆ. ಎರಡು ವರ್ಷಗಳ ಹಿಂದೆ ನನ್ನ ಮಗನೇ ತಾನು ಹೋಗುತ್ತಿದ್ದ ಜಿಮ್‌ನಲ್ಲಿ ಎರಡು ಸಾವಿರದ ಎಂಟುನೂರು ಕೊಟ್ಟು, ರಸೀದಿ ಇಲ್ಲದೆ, ವಿದೇಶಿ ಹೆಸರಿನ ಡಬ್ಬಿ ತಂದ. ನೀರಿಗೆ ಹಾಕಿ ಕಲಕಿದರೆ ಲೋಟದ ತಳದಲ್ಲಿ ಹಿಟ್ಟಿನಂತೆ ಗಸಿ ಕೂತಿತು. ನನಗೆ ಸಂಶಯ ಬಂದು ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆಯಲ್ಲಿ 14 ಅಂಕಿಗಳಿರಬೇಕು. ಬೆರಳಿಟ್ಟು ಎಣಿಸಿದರೆ ಹದಿಮೂರೇ ಇದ್ದವು. ಆಮದು ಮಾಡಿಕೊಂಡವರ ಹೆಸರು ವಿಳಾಸ ಇರಲಿಲ್ಲ. ವಾಪಸು ಒಯ್ದಾಗ, ನಾವು ಕೊಟ್ಟ ಡಬ್ಬಿ ಇದೇ ಎನ್ನಲು ಬಿಲ್ ಎಲ್ಲಿದೆ ಎಂಬ ಉತ್ತರ ಬಂತು. ಮಗ ಪಾರ್ಟ್‌ಟೈಮ್ ಕೆಲಸ ಮಾಡಿ ಕೂಡಿಟ್ಟ ದುಡ್ಡು ಅದು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ 70ರ ಹತ್ತಿರದಷ್ಟು ಡಬ್ಬಿಗಳ ಮೇಲೆ ಬರೆದ ಪ್ರೋಟೀನ್ ಪ್ರಮಾಣಕ್ಕೂ ಒಳಗಿರುವುದಕ್ಕೂ ತಾಳೆಯಾಗಲಿಲ್ಲ. ಮೋಸದ ದಾರಿಯೂ ಸರಳ. ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆಯಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಹಾಗಾಗಿ ಸಾರಜನಕವಿರುವ ಗ್ಲೈಸಿನ್, ಟಾರಿನ್‌ನಂಥ ಅಗ್ಗದ ವಸ್ತು ಬೆರೆಸಿದರೂ ಕಾಗದದ ಮೇಲೆ ಪ್ರೋಟೀನ್ ಏರಿದಂತೆ ಕಾಣುತ್ತದೆ.

ಇದಕ್ಕಿಂತ ಭೀಕರವಾದದ್ದು ಸ್ಟಿರಾಯ್ಡ್ ಇಂಜೆಕ್ಷನ್ ಮತ್ತು ಮಾತ್ರೆ. ಇವು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳು. ಮೂರು ತಿಂಗಳಲ್ಲಿ ಮೈ ಉಬ್ಬಿಸುವ ಆಸೆಗೆ ಇವನ್ನು ಚುಚ್ಚಿಸಿಕೊಂಡವರಲ್ಲಿ ದೇಹದ ಸ್ವಂತ ಹಾರ್ಮೋನು ನಿಂತು ವೃಷಣ ಕುಗ್ಗುತ್ತದೆ, ಮಕ್ಕಳಾಗುವುದು ಕಷ್ಟವಾಗುತ್ತದೆ, ಗಂಡಸರಿಗೆ ಎದೆ ಬೆಳೆಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ಯಕೃತ್ತು ಕೆಡುತ್ತದೆ. ಇನ್ನೂ ಬೆಳೆಯುವ ವಯಸ್ಸಿನ ಹುಡುಗನಾದರೆ ಮೂಳೆಯ ತುದಿಗಳು ಬೇಗ ಕೂಡಿಕೊಂಡು ಎತ್ತರವೇ ನಿಂತುಹೋಗಬಹುದು. ತಂದೆತಾಯಿಗಳೇ, ಮಗನ ಬೆನ್ನು, ಭುಜದ ಮೇಲೆ ಒಮ್ಮೆಲೇ ದೊಡ್ಡ ಮೊಡವೆಗಳೆದ್ದು, ಸ್ವಭಾವ ಸಿಡುಕಾಗಿ, ತೂಕ ವಿಪರೀತ ವೇಗವಾಗಿ ಏರುತ್ತಿದ್ದರೆ ಬೈಯಬೇಡಿ. ಕೂರಿಸಿಕೊಂಡು ಕೇಳಿ, ವೈದ್ಯರ ಬಳಿ ಕರೆದೊಯ್ಯಿರಿ.

ಆದ್ದರಿಂದ ಜಿಲ್ಲಾಡಳಿತಕ್ಕೆ, ಆಹಾರ ಸುರಕ್ಷತಾ ಅಧಿಕಾರಿಗಳಿಗೆ ನನ್ನ ವಿನಂತಿ: ಹೋಟೆಲು, ಬೇಕರಿಗಳಿಗೆ ಬಂದು ಮಾದರಿ ತೆಗೆಯುವಂತೆ ಪುಡಿ ಮಾರುವ ಜಿಮ್ ಮತ್ತು ಅಂಗಡಿಗಳಿಂದಲೂ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು ಪತ್ರಿಕೆಗಳಿಗೆ ಕೊಡಿ. ನಮ್ಮಂಥ ಖಾನಾವಳಿಯ ಎಣ್ಣೆಯನ್ನು ನೀವು ಪರೀಕ್ಷಿಸುವುದು ಸರಿಯೇ, ಮೂರು ಸಾವಿರದ ಡಬ್ಬಿಯೂ ಆಹಾರವೇ. ಗ್ರಾಹಕರಿಗೂ ಒಂದು ಹಕ್ಕಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನಂತೆ ಕೊಂಡವರೇ ಶುಲ್ಕ ಕಟ್ಟಿ ಆಹಾರವನ್ನು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ವಸ್ತು ಕಳಪೆಯೆಂದು ವರದಿ ಬಂದರೆ ಶುಲ್ಕ ವಾಪಸು ಸಿಗುತ್ತದೆ. ಬಿಲ್ ಇಲ್ಲದೆ ಒಂದು ರೂಪಾಯಿಯ ಪುಡಿಯನ್ನೂ ಕೊಳ್ಳಬೇಡಿ ಎಂದು ಅದಕ್ಕೇ ನಮ್ಮ ಹುಡುಗರಿಗೆ ಹೇಳುತ್ತಿರುತ್ತೇನೆ.

ಜಿಮ್ ನಡೆಸುವವರಲ್ಲಿ ಪ್ರಾಮಾಣಿಕರು ಬಹಳ ಮಂದಿ ಇದ್ದಾರೆ. ಹೊಸಬ ಸೇರಿದ ದಿನ ಅವನ ತೂಕದ ಜೊತೆ ಅವನು ಹಿಂದಿನ ದಿನ ಏನೇನು ತಿಂದ ಎಂಬುದನ್ನೂ ಬರೆಸಿಕೊಳ್ಳಿ ಎಂದಷ್ಟೇ ಅವರನ್ನು ಕೇಳುತ್ತೇನೆ. ಹೆಣ್ಣುಮಕ್ಕಳು ಬಂದರೆ ಇನ್ನೂ ಗಮನವಿಟ್ಟು ಕೇಳಿ. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದರಲ್ಲಿ ಊಟ ಮುಗಿಸಿ ಬಂದವರಿರುತ್ತಾರೆ. ನನ್ನ ಜೊತೆ ಬರುವ ಇಬ್ಬರಿಗೆ ತಲೆಸುತ್ತು ಬರುತ್ತಿದ್ದುದಕ್ಕೆ ಕಾರಣ ರಕ್ತಹೀನತೆ ಎಂದು ಪರೀಕ್ಷೆಯಲ್ಲಿ ತಿಳಿಯಿತು.

ನಮ್ಮ ಖಾನಾವಳಿಯ ಗೋಡೆಗೆ ಈಗ ಒಂದು ಹಲಗೆ ಹಾಕಿದ್ದೇವೆ. ಮೊಟ್ಟೆ, ಕಾಳಿನ ಪಲ್ಯ, ಸೋಯಾ ಸಾರು, ಗಟ್ಟಿ ಮೊಸರು, ಪುಟಾಣಿ ಇವುಗಳ ಮುಂದೆ ಬೆಲೆಯ ಜೊತೆ ಪ್ರೋಟೀನ್ ಎಷ್ಟು ಗ್ರಾಂ ಎಂದೂ ಬರೆದಿದೆ. ಪಿ.ಜಿ., ಹಾಸ್ಟೆಲ್ ಮತ್ತು ಇತರ ಖಾನಾವಳಿಗಳವರು ಬಂದು ಬರೆದುಕೊಂಡು ಹೋಗಬಹುದು. ಆ ಬಟ್ಟೆ ಅಂಗಡಿಯ ಹುಡುಗ ಈಗ ನಾಲ್ಕು ಮೊಟ್ಟೆಯನ್ನು ಹಳದಿಯ ಸಮೇತ ತಿಂದು, ಎರಡು ರೊಟ್ಟಿ, ಒಂದು ಬಟ್ಟಲು ಮಡಿಕೆಕಾಳು ಹಾಕಿಸಿಕೊಂಡು ಕೆಲಸಕ್ಕೆ ಹೋಗುತ್ತಾನೆ.

ಇತಿ,
ಖಾನಾವಳಿಯ ಒಡತಿ,
ನಿಟುವಳ್ಳಿ, ದಾವಣಗೆರೆ